ತಂತಿಯ ಮೇಲಿನ ವಿಮಾನ

ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಹಾಡಹಗಲು ಹನ್ನೊಂದು ಗಂಟೆಗೆ, ಬೆಳ್ಳಾರೆಯ ಹತ್ತಿರದ ಒಂದು ಬೋಳುಗುಡ್ಡದ ಮೇಲೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತಿದ್ದಾಗ. ಅದಕ್ಕೂ ಮೊದಲು ಹೆದರಿದ್ದೇನೆ ಎಂದು ನಾನು ಹೇಳಿಕೊಂಡದ್ದೆಲ್ಲ ಬರೀ ಬೊಗಳೆ.

ಗಲ್ಫಿನಲ್ಲಿ ಹನ್ನೆರಡು ವರ್ಷ ಸಿಸಿಟಿವಿ ಕ್ಯಾಮರಾ ಕೂರಿಸುವ ಕೆಲಸ ಮಾಡಿ, ಊರಿಗೆ ಬಂದು ಅದೇ ಕಸುಬಿನ ಅಂಗಡಿ ಹಾಕಿದವನು ನಾನು. ಗೋಡೆಗೆ ಅಂಟಿದ ಕ್ಯಾಮರಾ ನೋಡಿ ನೋಡಿ ಬೇಸರ ಬಂದು, ಹಾರುವ ಕ್ಯಾಮರಾ ಬೇಕೆಂಬ ಹುಚ್ಚು ಹಿಡಿಯಿತು. ಫೋಮ್ ಹಲಗೆ ಕೊಯ್ದು ಎರಡು ಮೀಟರ್ ರೆಕ್ಕೆಯ ವಿಮಾನ ಮಾಡಿದೆ. ಮೂಗಿನಲ್ಲೊಂದು ಕ್ಯಾಮರಾ, ಹೊಟ್ಟೆಯಲ್ಲೊಂದು. ಅವು ಕಂಡದ್ದು ನನ್ನ ಮುಂದಿನ ಪರದೆಗೆ ಬರಬೇಕು. ನನ್ನ ರಿಮೋಟಿನ ಮಾತನ್ನು ವಿಮಾನ ಐದಾರು ಕಿಲೋಮೀಟರ್ ಆಚೆಯೂ ಕೇಳಬೇಕು. "ಒಂದು ದಿನ ಇದು ಗುಂಡ್ಯಕ್ಕೆ ಹೋಗಿ ಘಾಟಿ ನೋಡಿ ಬರ್ತದೆ, ನೋಡ್ತಾ ಇರಿ" ಎಂದು ಅಂಗಡಿಗೆ ಬಂದವರ ಹತ್ತಿರವೆಲ್ಲ ಕೊಚ್ಚಿಕೊಂಡೆ.

ರೆಕ್ಕೆಗೆ ಬೆನ್ನೆಲುಬು ಬೇಕಿತ್ತು. ಅದನ್ನು ಕೊಟ್ಟವನು ಸುಳ್ಯ ಕಡೆಯ ನನ್ನ ಗೆಳೆಯ, ಅರೆಭಾಷೆ ಮಾತಾಡುವ ಕೃಷಿಕ. ಅವನಲ್ಲಿ ಮುರಿದ ದೋಟಿಯೊಂದಿತ್ತು. ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಈ ಕಾರ್ಬನ್ ಫೈಬರ್ ಕೋಲು ಈಗ ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಒಂದರೊಳಗೊಂದು ಕೂತ ಕೊಳವೆಗಳು. ಎಳೆದಷ್ಟೂ ಉದ್ದ, ಹಗುರ, ಗಟ್ಟಿ.

"ಇದಕ್ಕಿಂತ ಒಳ್ಳೆದು ನಿಂಗೆ ದುಬಾಯಲ್ಲೂ ಸಿಕ್ಕುದಿಲ್ಲ ಮಾರಾಯ" ಎಂದ.

ಆ ಖುಷಿಯಲ್ಲಿ ನಾನೊಂದು ಅತಿಬುದ್ಧಿವಂತಿಕೆ ಮಾಡಿದೆ. ರಿಮೋಟಿನ ಸಿಗ್ನಲ್ ಹಿಡಿಯುವ ಆಂಟೆನಾವನ್ನು ಆ ಕೊಳವೆಯೊಳಗೇ ತೂರಿಸಿಬಿಟ್ಟೆ. ಹೊರಗೆ ಒಂದು ವಯರೂ ಕಾಣುವುದಿಲ್ಲ, ಆಹಾ, ಎಷ್ಟು ಚಂದ! ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಅದು ಲೈನಿಗೆ ತಾಗಿದರೆ ಹಿಡಿದವರ ಕತೆ ಮುಗಿಯಿತು ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕರೆಂಟ್ ಹರಿಯುವ ಕೊಳವೆಯೊಳಗೆ ರೇಡಿಯೋ ಸಿಗ್ನಲ್ ನುಗ್ಗಲಾರದು ಎಂಬುದು ಮಾತ್ರ ಹನ್ನೆರಡು ವರ್ಷ ವಯರೆಳೆದ ಈ ಪೆದ್ದನಿಗೆ ಹೊಳೆಯಲಿಲ್ಲ. ಮೈದಾನದಲ್ಲಿ ಹಾರಿಸಿದಾಗ ಎಲ್ಲ ಸರಿಯಾಗಿಯೇ ಇತ್ತು, ಏಕೆಂದರೆ ವಿಮಾನ ಹತ್ತಿರವಿತ್ತು.

ಆ ದಿನ ಗೆಳೆಯನೂ ನಾನೂ ಬೋಳುಗುಡ್ಡ ಹತ್ತಿ ವಿಮಾನವನ್ನು ಕಡಬದ ದಿಕ್ಕಿಗೆ ಬಿಟ್ಟೆವು. ನಾಲ್ಕು ಕಿಲೋಮೀಟರ್ ಆದಾಗ ತಿರುಗಿಸಲು ನೋಡಿದೆ. ತಿರುಗಲಿಲ್ಲ. ಚಿತ್ರದ ಆಂಟೆನಾ ಬಾಲದ ಮೇಲೆ ಬೇರೆಯೇ ಇದ್ದುದರಿಂದ ಚಿತ್ರ ಬರುತ್ತಿತ್ತು. ನನ್ನ ಮಾತು ಮಾತ್ರ ಅದಕ್ಕೆ ಕೇಳುತ್ತಿರಲಿಲ್ಲ. ಸಿಗ್ನಲ್ ಇಲ್ಲವೆಂದು ಮೋಟರ್ ತಾನಾಗಿ ನಿಂತಿತು. ಮರಗಳ ತಲೆಗಳು ದೊಡ್ಡವಾಗುತ್ತ ಬಂದವು. ಒಂದು ಜರ್ಕ್ ಹೊಡೆದು ಚಿತ್ರ ತೂಗಾಡತೊಡಗಿತು.

ಹೊಟ್ಟೆಯ ಕ್ಯಾಮರಾದಲ್ಲಿ ಒಂದು ಮನೆಯ ಅಂಗಳ, ಹಸಿರು ಶೀಟಿನ ಮಾಡು, ನೀರಿನ ಟ್ಯಾಂಕಿ. ಮೂಗಿನ ಕ್ಯಾಮರಾದಲ್ಲಿ ಮೂರು ದಪ್ಪ ತಂತಿಗಳು. ವಿಮಾನ ಊರಿಗೆ ಕರೆಂಟ್ ತರುವ ಹೈಟೆನ್ಶನ್ ಲೈನಿನ ಒಂದು ತಂತಿಗೆ ರೆಕ್ಕೆ ಸಿಕ್ಕಿಸಿಕೊಂಡು ನೇತಾಡುತ್ತಿತ್ತು.

ಅಯ್ಯೋ, ಇಷ್ಟು ದಿನದ ಕೆಲಸ ಹಾಳಾಯಿತಲ್ಲ ಎಂದು ತಲೆಗೆ ಕೈ ಹೊತ್ತೆ. ಆಗ ಅಂಗಳಕ್ಕೆ ಒಬ್ಬ ಹೆಂಗಸು ಬಂದಳು. ಹೆಗಲಿಗೆ ಬೈರಾಸು, ಅಂದರೆ ಟವೆಲು, ಹಾಕಿಕೊಂಡಿದ್ದಳು. ತಲೆಯೆತ್ತಿ ನೋಡಿ ಒಳಗೆ ಹೋದಳು. ಮತ್ತೆ ಹೊರಗೆ ಬಂದಾಗ ಅವಳ ಕೈಯಲ್ಲಿ ದೋಟಿ ಇತ್ತು.

"ಏಯ್, ಬೇಡ! ಬೇಡ!" ಎಂದು ಪರದೆಗೆ ಕಿರುಚಿದೆ. ನಾಲ್ಕು ಕಿಲೋಮೀಟರ್ ಆಚೆಗೆ ಕಿರುಚಿದರೆ ಯಾರಿಗೆ ಕೇಳುತ್ತದೆ?

ಗೆಳೆಯ ಬಗ್ಗಿ ನೋಡಿದವನೇ, "ಆ ಹಸಿರು ಮಾಡು ಹೊಳೆ ಆಚೆದು, ನಂಗೆ ಗೊತ್ತುಂಟು" ಎಂದು ಬೈಕಿನತ್ತ ಓಡಿದ. ಸುತ್ತಿ ಬಳಸಿ ಹೋಗಲು ಇಪ್ಪತ್ತು ನಿಮಿಷವಾದರೂ ಬೇಕು. ನಾನು ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಬೈದೆ, ಅತ್ತೆ, ಅಲ್ಲಾಹನನ್ನು ಕರೆದೆ, ಮತ್ತೆ ಬೈದೆ.

ಅವಳು ದೋಟಿಯ ತುಂಡುಗಳನ್ನು ಎಳೆಯುತ್ತಿದ್ದಳು. ಒಂದು ತುಂಡು ಎಳೆದು ಬಿಗಿ ಮಾಡುವುದು, ಇನ್ನೊಂದನ್ನು ಎಳೆಯುವುದು. ಏನೂ ಅವಸರವಿಲ್ಲ.

ವಿಮಾನ ಗಾಳಿಗೆ ತಿರುಗಿ, ಕೊಳವೆಯ ತೆರೆದ ಬಾಯಿ ನನ್ನ ಗುಡ್ಡದ ಕಡೆಗೆ ಬಂದಾಗ ರಿಮೋಟಿನಲ್ಲಿ ಹಸಿರು ದೀಪ ಹತ್ತಿತು. ಸಿಗ್ನಲ್! ಫ್ಯಾನು ಮುರಿದಿತ್ತು, ಆದರೆ ರೆಕ್ಕೆಯ ಅಂಚಿನ ಪಟ್ಟಿಗಳು ಆಡುತ್ತಿದ್ದವು. ಎರಡೂ ಹೆಬ್ಬೆರಳಿನಿಂದ ಆ ಪಟ್ಟಿಗಳನ್ನು ಪಟಪಟ ಬಡಿದೆ. ಬೇಡ ಅಕ್ಕಾ, ಬೇಡ, ದೂರ ಹೋಗು. ಅವಳು ನಿಂತಳು. ದೋಟಿ ಕೆಳಗಿಳಿಸಿದಳು. ಹೆದರಿದಳು, ಸದ್ಯ ನಾನು ಬದುಕಿದೆ ಎಂದುಕೊಂಡು ಇನ್ನೂ ಜೋರಾಗಿ ಬಡಿದೆ. ಅವಳು ಎದೆಯ ಮೇಲೆ ಕೈಯಿಟ್ಟು ನೋಡಿದಳು. ಬೈರಾಸನ್ನು ಸೊಂಟಕ್ಕೆ ಬಿಗಿದು, ಸರಸರನೆ ಉಳಿದ ತುಂಡನ್ನೂ ಎಳೆದು ದೋಟಿಯನ್ನು ಎತ್ತಿಯೇಬಿಟ್ಟಳು.

ದೋಟಿಯ ತುದಿ ಕ್ಯಾಮರಾಕ್ಕೆ ಹತ್ತಿರ ಹತ್ತಿರ ಬಂತು. ನಾನು ಕಣ್ಣು ಮುಚ್ಚಿದೆ. ಹೌದು, ಹೇಡಿಯ ಹಾಗೆ ಮುಚ್ಚಿದೆ. ಒಬ್ಬ ಹೆಂಗಸನ್ನು ನಾನು ಕೊಂದೆ, ಅದನ್ನು ನೋಡುವ ಧೈರ್ಯವೂ ನನಗಿಲ್ಲ ಎಂದು ಮಾತ್ರ ಆಗ ತಲೆಯಲ್ಲಿದ್ದದ್ದು.

ಕಣ್ಣು ತೆರೆದಾಗ ಪರದೆಯ ತುಂಬ ಒಂದು ಮುಖ. ಬೆವರಿದ ಹಣೆ, ಮೂಗುತಿ. ತುಟಿ ಅಲ್ಲಾಡುತ್ತಿತ್ತು, ಕ್ಯಾಮರಾದ ಹತ್ತಿರ ಅವಳು ಏನೋ ಮಾತಾಡುತ್ತಿದ್ದಳು. ನಾನು ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತು ಗಟ್ಟಿಯಾಗಿ ಅತ್ತೆ.

ಗೆಳೆಯನಿಗೆ ಫೋನ್ ಮಾಡಿ ದಾರಿ ಕೇಳಿ, ನನ್ನ ಸ್ಕೂಟರಿನಲ್ಲಿ ಅಲ್ಲಿಗೆ ಮುಟ್ಟಿದಾಗ ಗೆಳೆಯ ಜಗಲಿಯಲ್ಲಿ ಬಿಳಿಚಿಕೊಂಡು ಕುಳಿತಿದ್ದ. ಅವಳು ನನ್ನನ್ನು ಮೇಲೆ ಕೆಳಗೆ ನೋಡಿದಳು.

"ನಿಮ್ದಾ ಇದು? ನಾನು ಎಂತದೋ ದೊಡ್ಡ ಹಕ್ಕಿ ಅಂತ ಗ್ರಹಿಸಿದ್ದು ಮಾರಾಯ್ರೆ. ದೋಟಿ ತಂದ ಮೇಲೂ, ಇದು ಸತ್ತಿದೆ, ಬಿಡುವ ಅಂತ ಅಂದಾಜು ಮಾಡ್ತಾ ಇದ್ದೆ. ಮತ್ತೆ ರೆಕ್ಕೆ ಬಡಿಲಿಕ್ಕೆ ಶುರು ಮಾಡಿತಲ್ಲ, ಪಾಪ ಕಂಡಿತು."

ನಾನು ಮೇಲೆ ಕೈ ತೋರಿಸಿದೆ. "ಅಕ್ಕಾ, ಮೇಲೆ ಲೈನ್ ಉಂಟಲ್ಲ. ದೋಟಿ ತಾಗಿದ್ರೆ..."

"ಲೈನಾ?" ಅವಳು ಮೊದಲ ಸಲ ನೋಡುವವಳಂತೆ ತಂತಿಯನ್ನು ನೋಡಿದಳು. "ಅಯ್ಯೋ ದೇವರೇ! ನಂಗೆ ರೆಕ್ಕೆ ಮಾತ್ರ ಕಂಡದ್ದು."

ಅಷ್ಟರಲ್ಲಿ ಒಳಗಿನಿಂದ ಗರ್ರ್ ಎಂದು ದೊಡ್ಡ ಸದ್ದು ಬಂತು. ಮೂವರೂ ಹಾರಿಬಿದ್ದೆವು.

"ಓ, ಕರೆಂಟ್ ಬಂತು! ಬೆಳಿಗ್ಗೆ ಕಾಯಿ ಕಡೆಯುವಾಗ ಹೋದದ್ದು, ಮಿಕ್ಸಿಯ ಸ್ವಿಚ್ ಹಾಗೇ ಬಿಟ್ಟಿದ್ದೆ" ಎನ್ನುತ್ತ ಒಳಗೆ ಓಡಿದಳು.

ಅಂಗಳದಲ್ಲಿ ದೋಟಿ ಇನ್ನೂ ಉದ್ದಕ್ಕೆ ಬಿದ್ದಿತ್ತು. ಅವಳು ಅದನ್ನು ಕೆಳಗಿಟ್ಟು ಅರ್ಧ ಗಂಟೆಯಷ್ಟೇ ಆಗಿತ್ತು.