ಮದುವೆಯ ಕುದುರೆಯ ಮೇಲೆ ಮಗಳು

ಕುರ್ಚಿಯಲ್ಲಿ ಕೂರಲಾರದ ಮಗುವನ್ನು ಕುದುರೆಯ ಮೇಲೆ ಕೂರಿಸುತ್ತೇವೆ, ಇಲ್ಲಿ ಸಹಿ ಹಾಕಿ ಅಂದರು ಲಾಯದವರು. ಬಿದ್ದರೆ ಏನು ಎಂಬ ಮಾತೂ ಆ ಕಾಗದದಲ್ಲಿ ಇತ್ತು. ಉಡುಪಿ ಕಡೆಯಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು, ಉಲ್ಹಾಸನಗರದಿಂದ ನೈಟಿ, ಬ್ಲೌಸ್ ಪೀಸು ತಂದು, ಕಟ್ಟಡ ಕಟ್ಟಡ ಹತ್ತಿ ಮಾರಿ ಬದುಕು ಕಟ್ಟಿಕೊಂಡವಳು ನಾನು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೆ ಅಂದು ಚೌಕಾಶಿ ಮಾಡದೆ ಸಹಿ ಹಾಕಿದೆ.

ಮಗಳು ಶ್ರಾವ್ಯಾಗೆ ಆಗ ಏಳು ವರ್ಷ. ಹುಟ್ಟಿದಾಗ ಉಸಿರಾಡಿದ್ದು ತಡವಾಗಿ, ಕಾಲುಗಳು ಕತ್ತರಿಯ ಹಾಗೆ ಬಿಗಿದುಕೊಂಡಿದ್ದವು. "ಒಂದು ಪೀರಿಯಡ್ ಬೆಂಚಿನ ಮೇಲೆ ತಾನೇ ಕೂತರೆ ಸೇರಿಸಿಕೊಳ್ಳುತ್ತೇವೆ" ಎಂದಿದ್ದರು ಮನೆ ಹತ್ತಿರದ ಶಾಲೆಯವರು. ನನಗೆ ಬೇಕಾಗಿದ್ದುದು ಅಷ್ಟೇ. ಕುದುರೆ ಸವಾರಿಯಿಂದ ಇಂಥ ಮಕ್ಕಳ ಬೆನ್ನು ಗಟ್ಟಿಯಾಗುತ್ತದೆಯೇ ಎಂದು ಪಲ್ಲವಿ ಎಂಬ ಫಿಸಿಯೋಥೆರಪಿ ವಿದ್ಯಾರ್ಥಿನಿ ವಾಶಿಯಾಚೆಯ ಒಂದು ಲಾಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಠಾಣೆಯಲ್ಲಿ ಹುಟ್ಟಿದವಳಾದರೂ ಮನೆಯವರ ಹುಬ್ಬಳ್ಳಿ ಕನ್ನಡ ಅವಳ ಬಾಯಲ್ಲಿತ್ತು.

ಇಂಥ ಮಕ್ಕಳೊಡನೆ ಈ ಕಡೆ ಬರುವವರಿಗೆ ಒಂದು ಮಾತು. ಲೋಕಲ್ ಗಾಡಿಯಲ್ಲಿ ಅಂಗವಿಕಲರ ಡಬ್ಬಿ ಬೇರೆಯೇ ಇದೆ. ಅದು ಎಲ್ಲಿ ನಿಲ್ಲುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಿ. ಊರಿನ ಬಸ್ಸಿನಂತೆ "ಸ್ವಲ್ಪ ನಿಲ್ಲಿಸಿ" ಅಂದರೆ ಇಲ್ಲಿ ಯಾರೂ ನಿಲ್ಲಿಸುವುದಿಲ್ಲ.

ಲಾಯದಲ್ಲಿ ಮೊದಲ ದಿನ ನಾನು ಮಗಳ ಪಾದ ಬಿಡಲಿಲ್ಲ.

"ಅಕ್ಕಾರ, ನೀವು ಬೇಲಿ ಆಚೆ ನಿಲ್ರಿ," ಎಂದಳು ಪಲ್ಲವಿ. "ನೀವು ಹೆದರಿದ್ರ ಕುದುರಿಗೂ ಗೊತ್ತಾಗ್ತದ."

ಇಬ್ಬದಿಯಲ್ಲೂ ಜನ ಅವಳನ್ನು ಹಿಡಿದುಕೊಂಡು ನಡೆದರು. ಕುದುರೆಯ ಬಿಸಿ ಮೈಯ ಮೇಲೆ ಬಿಗಿದ ಕಾಲುಗಳು ಮೆಲ್ಲನೆ ಅಗಲವಾದವು. ಮೂರು ತಿಂಗಳಲ್ಲಿ, ನಾನು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಅವಳು ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಸಂಶೋಧನೆ ಮುಗಿಯಿತು. ಇನ್ನೊಂದು ತಿಂಗಳು ಸೇರಿಸು ಎಂದೆ.

"ಇದೇನು ಕಾಯಿಪಲ್ಲೆ ಸಂತಿ ಏನ್ರೀ, ಕೊಸರು ಕೇಳಾಕ?" ಎಂದಳು. ನಗಲಿಲ್ಲ, ಅವಳಿಗೂ ಬೇಸರವಿತ್ತು.

ಉಲ್ಹಾಸನಗರದಲ್ಲಿ ಮದುಮಗನನ್ನು ಕುದುರೆಯ ಮೇಲೆ ಮೆರವಣಿಗೆ ಮಾಡುತ್ತಾರೆ. ಅದಕ್ಕೆ ಹೆಣ್ಣು ಕುದುರೆ, 'ಘೋಡಿ', ಬೇಕು. ನಾನು ಬಟ್ಟೆ ಕೊಳ್ಳುವ ಅಂಗಡಿಯ ಹಿಂದೆಯೇ ಬಿಳಿಯದೊಂದು ಕಟ್ಟಿರುತ್ತಿತ್ತು. ಪಟಾಕಿಗೂ ಬೆದರದು ಎಂದ ಮಾಲಿಕ. ನನಗೆ ಅಷ್ಟು ಸಾಕಾಯಿತು; ಮಗಳನ್ನು ಕೂರಿಸಲು ಸುತ್ತಿಗಿಷ್ಟು ಎಂದು ಬಾಡಿಗೆ ಮಾತಾಡಿದೆ.

"ಎಂತ ಮಾರಾಯ್ತಿ, ಕುದುರೆಯಲ್ಲೂ ಚೌಕಾಶಿಯಾ?" ಎಂದರು ಗಂಡ. ನಾನು ಕೇಳಲಿಲ್ಲ.

ಎರಡು ಸುತ್ತು ಚೆನ್ನಾಗಿಯೇ ಆಯಿತು. "ಅಮ್ಮ, ಔರ್ ಏಕ್ ಚಕ್ಕರ್," ಎಂದಳು ಮಗಳು, ಇನ್ನೊಂದು ಸುತ್ತು ಎಂದು. ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲೇ ಅವಳ ಉತ್ತರ. ಮೂರನೇ ಸುತ್ತಿನಲ್ಲಿ ಪಕ್ಕದ ಗಲ್ಲಿಯ ಬ್ಯಾಂಡಿನವರು ಢೋಲು ಬಾರಿಸಿ ನೋಡಿದರು. ಘೋಡಿ ಕಿವಿ ನಿಮಿರಿಸಿ, ಮುಂಗಾಲೆತ್ತಿ ಕುಣಿಯತೊಡಗಿತು. ಅದಕ್ಕೆ ಕಲಿಸಿದ್ದೇ ಅದು.

"ನಾಚ್ ರಹೀ ಹೈ ಬಹೆನ್‌ಜಿ, ಡರೋ ಮತ್," ಎಂದು ಮಾಲಿಕ ನಗುತ್ತಿದ್ದ, ಕುಣಿಯುತ್ತಿದೆ ಅಷ್ಟೇ, ಹೆದರಬೇಡಿ ಎಂದು. ಮಗಳು ಜಾರಿ ಅದರ ಕುತ್ತಿಗೆಗೆ ನೇತುಬಿದ್ದಳು. ಫ್ರಾಕು ಹಿಡಿದು ಎಳೆದುಕೊಂಡೆ. ಗಾಯವಾಗಲಿಲ್ಲ. ಆದರೆ ಕಾಲುಗಳು ಮತ್ತೆ ಕತ್ತರಿಯಾದವು; ಸ್ಟೂಲು ಕಂಡರೆ ಅಳತೊಡಗಿದಳು. ನನ್ನ ಕೈಯಾರೆ ಶಾಲೆಯ ಬಾಗಿಲು ಮುಚ್ಚಿದೆನೇ ಎಂಬ ಹೆದರಿಕೆ ಊಟ ಮಾಡಲೂ ಬಿಡಲಿಲ್ಲ.

ಮೂರು ದಿನ ತಡೆದು ಪಲ್ಲವಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

"ಬುದ್ಧಿ ಎಲ್ಲಿ ಇಟ್ಟಿದ್ರಿ ಅಕ್ಕಾರ?" ಎಂದು ಬೈದು, ಆಮೇಲೆ ಅವಳೇ ಹೇಳಿದಳು: "ಐತವಾರ ಕರ್ಕೊಂಡ್ ಬರ್ರಿ. ಲಾಯದವರನ್ನ ನಾ ಕೇಳ್ತೀನಿ. ಮೊದಲಿಂದ ಶುರು ಮಾಡೂಣು."

ಯಾವುದಾದರೇನು, ಕುದುರೆ ಕುದುರೆಯೇ ಎಂದು ನನ್ನ ಹಾಗೆ ಎಣಿಸಬೇಡಿ. ಅದಕ್ಕೆ ಏನು ಕಲಿಸಿದ್ದಾರೆಂದು ಮೊದಲು ಕೇಳಿ.

ಶಾಲೆ ಶುರುವಾಗುವ ಆ ಜೂನ್ ತಪ್ಪಿತು. ಮುಂದಿನ ಜೂನ್‌ನಲ್ಲಿ ಶ್ರಾವ್ಯಾ ಬೆಂಚಿನ ಮೇಲೆ ಒಂದು ಪೀರಿಯಡ್ ತಾನೇ ಕೂತಳು, ಶಾಲೆಗೆ ಸೇರಿಸಿಕೊಂಡರು. ಊರಿಗೆ ಫೋನು ಮಾಡಿದರೆ ಅಮ್ಮನದು ಒಂದೇ ಮಾತು: "ಬೆಂಚಿಂದ ಬಿದ್ರೆ ಯಾರುಂಟು ಅಲ್ಲಿ? ಇಲ್ಲಿ ತಂದು ಬಿಡು ಮಗಾ, ಚಾಪೆ ಹಾಸಿ ಮಲಗಿಸ್ತೇನೆ."

ರಜೆಯಲ್ಲಿ ಹೋದಾಗ ಆ ಚಾಪೆಯ ಮೇಲೆ ಮಗಳ ಪಕ್ಕ ನಾನೂ ಮಲಗುತ್ತೇನೆ. ಡೊಂಬಿವಲಿಯಲ್ಲಿ ಬಾರದ ನಿದ್ದೆ ಅಲ್ಲಿ ಬರುತ್ತದೆ. ಕುದುರೆಯೂ ಬೆಂಚೂ ಇಲ್ಲದೆ ನಾಲ್ಕನೇ ದಿನಕ್ಕೆ ಅವಳ ಮೊಣಕಾಲುಗಳು ಮತ್ತೆ ಒಂದಕ್ಕೊಂದು ತಾಗತೊಡಗುತ್ತವೆ. ಅಮ್ಮನಿಗೆ ಹೇಳದೆ ಎದ್ದು, ವಾಪಸು ಹೋಗುವ ರೈಲಿನ ಟಿಕೆಟು ಕೇಳಲು ಸ್ಟೇಷನ್ನಿಗೆ ಹೊರಡುತ್ತೇನೆ.