ಅವ್ವನ ಶುಕ್ರವಾರ

ನನಗೆ ಅಡುಗೆ ಬರುವುದಿಲ್ಲ, ಅಭಿಪ್ರಾಯ ಬರುತ್ತದೆ. ಸಾರು ಇನ್ನೂ ಒಲೆಯ ಮೇಲಿರುವಾಗಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೂಗನ್ನು ಸ್ವಲ್ಪ ಮೇಲೆತ್ತಿ, ‘ಅವ್ವ ಮಾಡ್ತಿದ್ದಿದ್ದು ಹಿಂಗಿರಲಿಲ್ಲ’ ಎನ್ನುತ್ತೇನೆ. ಮತ್ತೆ ಹೇಗಿತ್ತು ಎಂದು ನನ್ನ ಹೆಂಡತಿ ವನಜ ಕೇಳಿದರೆ ಉತ್ತರವಿಲ್ಲ. ಹೀಗಿರಲಿಲ್ಲ, ಅಷ್ಟೆ. ಹಾಸನದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ ಮಾಡಿ ತಪ್ಪಿಗೆ ಕೆಂಪು ಗೆರೆ ಎಳೆಯುವುದು ನನಗೆ ಅಭ್ಯಾಸವಾಗಿದೆ. ಸರಿ ಯಾವುದೆಂದು ಹುಡುಗರೇ ಕಂಡುಕೊಳ್ಳಲಿ ಎಂದು ಬಿಟ್ಟುಬಿಡುವುದೂ ಅಭ್ಯಾಸವಾಗಿದೆ.

ಅವ್ವ ತೀರಿಕೊಂಡದ್ದು ಕಳೆದ ಬೇಸಿಗೆಯಲ್ಲಿ. ದಂಡಿಗನಹಳ್ಳಿ ಹತ್ತಿರದ ಊರಿನಲ್ಲಿ ಸಂಸಾರ ಮಾಡಿ, ಅಪ್ಪ ಹೋದ ಮೇಲೆ ತೋಟವನ್ನು ಪಾಲಿಗೆ ಕೊಟ್ಟು, ಶ್ಯಾವಿಗೆ ಒರಳನ್ನು ಮಾತ್ರ ಜೊತೆಗೆ ತೆಗೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಅವಳಿಂದ ಅಡುಗೆ ಕಲಿಯುವುದು ಸುಲಭವಿರಲಿಲ್ಲ. ಹುರುಳಿಕಾಳನ್ನು ಎಷ್ಟು ಹೊತ್ತು ಹುರಿಯಬೇಕು ಎಂದರೆ, ‘ಗಮಲು ಪಡಸಾಲೆಗೆ ಬರಾಗಂಟ’ ಎನ್ನುತ್ತಿದ್ದಳು. ಊರಿನ ಮನೆಗೆ ಅದು ಸರಿಯಾದ ಅಳತೆ. ನಮ್ಮ ಹಾಸನದ ಮನೆಯಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯೇ ಇಲ್ಲ.

‘ನಮ್ಮನೇಲಿ ಪಡಸಾಲೆನೇ ಇಲ್ವಲ್ಲ ಅತ್ತೆ’ ಎಂದಳು ವನಜ ಒಂದು ದಿನ, ಕೈಯಲ್ಲಿ ಸೌಟು ಹಿಡಿದು.

ಅವ್ವ ಕ್ಷಣ ಯೋಚಿಸಿ, ‘ಅಂಗಾರೆ ಪಕ್ಕದ್ಮನೆಯೋಳು ಬಂದು ಏನ್ ಸಾರು ಅಂತ ಕೇಳಾಗಂಟ ಹುರಿಯವ್ವ’ ಎಂದಳು. ಪಕ್ಕದ ಮನೆಯಾಕೆ ಅವತ್ತು ನಿಜಕ್ಕೂ ಬಂದು ಕೇಳಿದಳು. ಸಾರನ್ನೂ ಒಂದು ಬಟ್ಟಲು ಒಯ್ದಳು.

ಅವ್ವನ ಹೆಚ್ಚುಗಾರಿಕೆ ಬಸ್ಸಾರಿನಲ್ಲಿ. ನಮ್ಮ ಶಾಲೆಗೆ ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಈ ಹೆಸರು ಕೇಳಿ, ‘ಬಸ್ಸಿನ್ಯಾಗ ಮಾಡೂ ಸಾರೇನ್ರಿ?’ ಎಂದು ಗಂಭೀರವಾಗಿ ವಿಚಾರಿಸಿದ್ದರು. ಬಸಿ ಎಂಬ ಕ್ರಿಯಾಪದದಿಂದ ಆರಂಭಿಸಿ, ಕಾಳು ಸೊಪ್ಪು ಬೇಯಿಸಿ ನೀರು ಬಸಿದು, ಕಟ್ಟು ಎನ್ನುವ ಆ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿ ಅರೆದು ಹಾಕುವವರೆಗೆ ನಾನು ಉಪನ್ಯಾಸ ಕೊಟ್ಟೆ. ಅವರು ಎಲ್ಲವನ್ನೂ ಕೇಳಿ, ‘ತಿನ್ನಾಕ ಯಾವಾಗ ಕೊಡ್ತೀರಿ?’ ಎಂದರು. ಸಂಧಿ ಬಿಡಿಸಿದರೆ ಹೊಟ್ಟೆ ತುಂಬುವುದಿಲ್ಲ ಎಂಬುದು ನನಗೆ ಆಗಾಗ ಮರೆತುಹೋಗುತ್ತದೆ.

ಇನ್ನೊಂದು ಕೆಂಪು ಚಟ್ನಿ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ, ಚೂರು ಹುಣಸೆಹಣ್ಣು, ಕಂಡೂ ಕಾಣದಷ್ಟು ಬೆಲ್ಲ. ‘ಇದು ನಮ್ಮ ತವರಿನ ಚಟ್ನಿ, ನಮ್ಮಜ್ಜಿ ಕಾಲದ್ದು’ ಎಂದು ಅವ್ವ ಹೇಳುತ್ತಿದ್ದಳು. ಹೊಳೆನರಸೀಪುರಕ್ಕೆ ಮದುವೆಯಾಗಿ ಹೋದ ನನ್ನ ತಂಗಿ ಸವಿತ ಆ ಚಟ್ನಿಯನ್ನು ಬೀದಿಗೆಲ್ಲ ಹಂಚಿ, ಅದರ ಜೊತೆಗೆ ಮುತ್ತಜ್ಜಿಯ ಕಥೆಯನ್ನೂ ಹಂಚಿ, ಅಲ್ಲಿ ಒಂದು ಬಗೆಯ ಮನೆತನದ ಗೌರವ ಸಂಪಾದಿಸಿದ್ದಾಳೆ.

ಇಷ್ಟೆಲ್ಲ ಗೊತ್ತಿದ್ದ ನಮಗೆ ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಒಂದು ಸಣ್ಣ ಪ್ರಶ್ನೆ ಎದುರಾಯಿತು. ನಮ್ಮಲ್ಲಿ ಅಂದು ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಬದುಕಿದ್ದಾಗ ಯಾವುದು ಇಷ್ಟವಿತ್ತೋ ಅದನ್ನು ಮಾಡಿ ಎಲೆಯ ಮೇಲೆ ಬಡಿಸಿ, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಹೊರಗೆ ಕಾಯುತ್ತೇವೆ. ಅಪ್ಪನದು ಸುಲಭ. ನಾಟಿಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಅವನ ಇಷ್ಟಾನಿಷ್ಟಗಳು ಊರಿಗೇ ತಿಳಿದಿದ್ದವು, ಉಪ್ಪು ಕಡಿಮೆಯಾದ ದಿನ ಪಕ್ಕದೂರಿಗೂ ತಿಳಿಯುತ್ತಿತ್ತು. ಈ ಸಲ ಅವ್ವನಿಗೆ ಮೊದಲ ಎಡೆ. ಏನಿಡುವುದು?

ಫೋನಿನಲ್ಲಿ ಮೂವರೂ ಮಕ್ಕಳು ಸೇರಿದೆವು. ಅರಕಲಗೂಡಿನಿಂದ ಜಯಕ್ಕ, ನಮ್ಮೆಲ್ಲರಿಗೂ ಹಿರಿಯಳು, ಮೊದಲು ತೀರ್ಪು ಕೊಟ್ಟಳು.

‘ಕೇಳಾದೇನೈತೆ? ಒತ್ತುಶ್ಯಾವಿಗೆ, ಕಾಯಿಹಾಲು. ಅವ್ವಂಗೆ ಅದೇ ಪ್ರಾಣ.’

‘ಅಲ್ಲ ಕಣಕ್ಕ, ಕಜ್ಜಾಯ’ ಎಂದಳು ಸವಿತ. ‘ಅದ್ನ ಮಾಡ್ವಾಗ ಅವ್ಳ ಮುಖ ನೋಡಿಲ್ವಾ ನೀನು?’

ನಾನು ಬಸ್ಸಾರಿನ ಪರವಾಗಿ ವಾದಿಸಿದೆ. ಚರ್ಚೆ ಬಿಸಿಯಾಯಿತು. ಜಯಕ್ಕ ತಾನು ಅವ್ವನನ್ನು ನಮಗಿಂತ ಹೆಚ್ಚು ವರ್ಷ ಕಂಡವಳು ಎಂದಳು, ಸವಿತ ತಾನು ಮದುವೆಯಾಗುವ ತನಕ ಅವಳ ಮಗ್ಗುಲಲ್ಲಿ ಮಲಗಿದವಳು ಎಂದಳು. ಅಷ್ಟರಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ವನಜ ತಲೆ ಎತ್ತದೆಯೇ ಹೇಳಿದಳು:

‘ಶ್ಯಾವಿಗೆ ಇಷ್ಟ ಇರೋದು ಜಯಕ್ಕಂಗೆ. ಕಜ್ಜಾಯ ಸವಿತಂಗೆ. ಬಸ್ಸಾರು ನಿಮಗೆ. ಅತ್ತೆಗೆ ಏನಿಷ್ಟ ಅಂತ ಯಾರೂ ಹೇಳ್ಲಿಲ್ವಲ್ಲ?’

ಅರಕಲಗೂಡೂ ಹೊಳೆನರಸೀಪುರವೂ ಆಮೇಲೆ ಮಾತಾಡೋಣ ಎಂದು ಒಟ್ಟಿಗೆ ಫೋನಿಟ್ಟವು.

ಆ ಮೇಲೆ ಅವ್ವ ಊಟ ಮಾಡುತ್ತಿದ್ದುದನ್ನು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ನನಗೆ ಅವಳ ಕೈ ಮಾತ್ರ ಕಾಣುತ್ತಿತ್ತು, ಅದರಲ್ಲಿ ಸೌಟು ಇರುತ್ತಿತ್ತು. ನಾವು ಎದ್ದ ಮೇಲೆ ಅವಳು ಕೂರುತ್ತಿದ್ದಳು. ಶುಕ್ರವಾರವಂತೂ ಅದೂ ಇಲ್ಲ. ‘ನಂದು ಒಪ್ಪತ್ತು ಕಣ್ಲಾ, ನೀವು ಉಣ್ರಿ’ ಎಂದು ಸಂಜೆ ನಮಗೆ ಬಡಿಸಿ, ಲೋಟ ನೀರು ಕುಡಿದು ಮಲಗಿಬಿಡುತ್ತಿದ್ದಳು. ಆ ಒಪ್ಪತ್ತಿನ ಕಥೆಯನ್ನು ನಾನು ಶಾಲೆಯ ಪ್ರಾರ್ಥನೆಯ ವೇಳೆ ತ್ಯಾಗಕ್ಕೆ ಉದಾಹರಣೆಯಾಗಿ ಹೇಳುತ್ತ ಬಂದಿದ್ದೇನೆ. ಮುಂದಿನ ಸಾಲಿನ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡದ್ದೂ ಉಂಟು.

ಇದಕ್ಕೆ ಉತ್ತರ ಬಲ್ಲವರು ಒಬ್ಬರೇ. ನುಗ್ಗೇಹಳ್ಳಿಯ ಚಿಕ್ಕವ್ವ, ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಜಯಕ್ಕನೂ ಸವಿತಳೂ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹಾಸನಕ್ಕೆ ಬಂದರು. ನಾವು ಗಂಡ ಹೆಂಡಿರು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಚನ್ನರಾಯಪಟ್ಟಣದ ಮೂಲಕ ನುಗ್ಗೇಹಳ್ಳಿಗೆ ಹೋದೆವು. ಚಿಕ್ಕವ್ವ ಜಗುಲಿಯಲ್ಲಿ ಕೂತು ಕೊಬ್ಬರಿ ಒಡೆಯುತ್ತಿದ್ದಳು. ನಾನು ವಿಷಯವನ್ನು ಪೀಠಿಕೆ ಸಮೇತ ಹೇಳಿದೆ. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

‘ನಿಮ್ಮವ್ವಂಗಾ? ಮಸಾಲೆ ದೋಸೆ’ ಎಂದಳು.

ನಮ್ಮ ಮನೆಯಲ್ಲಿ ಯಾವತ್ತೂ ಮಸಾಲೆ ದೋಸೆ ಮಾಡಿರಲಿಲ್ಲ.

‘ಯಾರ್ ಮಾಡಿದ್ದು ಚಿಕ್ಕವ್ವ?’ ಎಂದಳು ಜಯಕ್ಕ.

‘ಚನ್ನರಾಯಪಟ್ಟಣದ ಬಸ್ಟಾಂಡ್ ತಾವ ಓಟ್ಲು ಐತಲ್ಲ, ಅಲ್ಲೀದು. ಶುಕ್ರವಾರ ಅವ್ಳು ಅಲ್ಲಿಂದ ಬರಾಳು, ನಾನು ಇಲ್ಲಿಂದ ಓಗಾಳು. ಅವ್ಳೊಂದು, ನಾನೊಂದು. ಆಮೇಲೆ ಇಬ್ರಿಗೂ ಸೇರಿ ಇನ್ನೊಂದು. ಕಾಪಿ ಕುಡ್ದು ಬಸ್ಸತ್ತಿದ್ರೆ ಮುಂದ್ಲು ವಾರವೇ.’

ಶುಕ್ರವಾರ ಅವ್ವ ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದುದು ನಮಗೆ ಗೊತ್ತಿತ್ತು. ಬಳೆ ತೊಟ್ಟುಕೊಂಡು ಬರುತ್ತೇನೆ, ದಾರದುಂಡೆ ತರುತ್ತೇನೆ ಎಂದು ಹೊರಡುತ್ತಿದ್ದಳು. ಈಗ ಯೋಚಿಸಿದರೆ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವೇ ಇರಲಿಲ್ಲ, ದಾರದುಂಡೆ ಮಾತ್ರ ಡಬ್ಬಿಗಟ್ಟಲೆ ಇತ್ತು. ಹಾಸನಕ್ಕೆ ಬಂದ ಮೇಲೂ ಕೆಲವು ಶುಕ್ರವಾರ, ‘ತ್ವಾಟ ನೋಡ್ಕಂಬತ್ತೀನಿ’ ಎಂದು ಹೋಗುತ್ತಿದ್ದಳು. ಮಣ್ಣಿನ ಮೇಲಿನ ಪ್ರೀತಿ ಅಂದರೆ ಇದು ಎಂದು ನಾನು ವನಜಳಿಗೆ ವಿವರಿಸಿದ್ದೆ.

ಜಯಕ್ಕನ ಮುಖ ಸಣ್ಣದಾಗಿತ್ತು. ‘ಶುಕ್ರವಾರ ಅವ್ವಂಗೆ ಒಪ್ಪತ್ತಲ್ವಾ ಚಿಕ್ಕವ್ವ?’ ಎಂದಳು.

‘ಒಪ್ಪತ್ತು ಅಂದ್ರೇನವ್ವ? ದಿನಕ್ಕೆ ಒಂದೊತ್ತು ಉಣ್ಣಾದು. ಒಂದೊತ್ತೇ ಉಣ್ತಿದ್ಲು. ಎಲ್ಲಿ ಉಣ್ತೀಯ, ಏನ್ ಉಣ್ತೀಯ ಅಂತ ನೀವ್ ಯಾರಾರ ಕೇಳಿದ್ರಾ?’

ಕನ್ನಡ ಮೇಷ್ಟ್ರಾಗಿ ನಾನು ಆ ವಾದದಲ್ಲಿ ಲೋಪ ಹುಡುಕಿದೆ. ಒಂದು ಪೊತ್ತು, ಒಪ್ಪತ್ತು. ಪದ ಹೊತ್ತಿನ ಲೆಕ್ಕ ಹೇಳುತ್ತದೆಯೇ ಹೊರತು ತಟ್ಟೆಯ ವಿವರ ಹೇಳುವುದಿಲ್ಲ. ಕೆಂಪು ಗೆರೆ ಎಳೆಯಲು ಜಾಗವೇ ಇರಲಿಲ್ಲ.

ಸವಿತಳಿಗೆ ಆಗಲೇ ನಗು ಹತ್ತಿಬಿಟ್ಟಿತ್ತು. ಅವಳು ಕೇಳಿದಳು, ‘ಇಬ್ರೂ ಕೂತು ಏನ್ ಮಾತಾಡ್ತಿದ್ರಿ? ನಮ್ಮ ಮೇಲೆ ಚಾಡಿನಾ?’

‘ಮಾತಾ? ತಿನ್ನಾಗ ಮಾತಾಡ್ತಿರ್ನಿಲ್ಲ. ಮನೇಲಿ ನಾವು ಬಿಸೀದು ತಿಂದಿದ್ದೇ ಕಾಣೆವು. ಎಲ್ಲರ್ಗೂ ಇಕ್ಕಿ ನಾವು ಕೂರಾಗಂಟ ಎಲ್ಲ ಆರೋಗಿರಾದು. ಅಲ್ಲಿ ಒಗೆ ಆಡ್ತಿರಾದ್ನ ತಂದು ಮುಂದಿಕ್ಕಾರು. ಮಾತಾಡ್ತಾ ಕೂತ್ರೆ ಅದೂ ಆರೋಗಲ್ವಾ?’

ಇದನ್ನು ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಒಂದು ಒಳ್ಳೆಯ ತೋಟದ ಬಗ್ಗೆ ಹೇಳುವ ಹಾಗೆ ಹೇಳಿದಳು. ವನಜ ಎದ್ದು ಹೋಗಿ ಅವಳ ಪಕ್ಕ ಕೂತು ತಾನೂ ಒಂದು ಕೊಬ್ಬರಿ ಎತ್ತಿಕೊಂಡಳು.

ಎಡೆಗೆ ಹೋಟೆಲಿನ ತಿಂಡಿ ಇಡುವುದು ಜಯಕ್ಕನಿಗೆ ಒಪ್ಪಿಗೆಯಾಗಲಿಲ್ಲ. ‘ಜನ ಏನಂದಾರು? ಮೂರು ಮಕ್ಳಿದ್ರೂ ಅವ್ವಂಗೆ ಪಾರ್ಸೆಲ್ ತಂದ್ರು ಅಂತಾರೆ’ ಎಂದಳು. ಚಿಕ್ಕವ್ವ, ‘ಜನಕ್ಕೆ ಇಷ್ಟ ಆಗಾದ್ನ ಅವರವರ ಎಡೆಗೆ ಇಕ್ಲಿ. ಇದು ನಿಮ್ಮವ್ವಂದು’ ಎಂದು ಕತ್ತಿ ಕೆಳಗಿಟ್ಟಳು. ಅಮಾವಾಸ್ಯೆ ಮುಗಿಯುವ ತನಕ ನಮ್ಮ ಮನೆಯಲ್ಲೇ ಇರುವುದೆಂದು ಒಪ್ಪಿಸಿ ಅವಳನ್ನೂ ಕಾರಿಗೆ ಹತ್ತಿಸಿಕೊಂಡೆವು.

ಚನ್ನರಾಯಪಟ್ಟಣದಲ್ಲಿ ಹೋಟೆಲಿನ ಮುಂದೆ ಕಾರು ನಿಲ್ಲಿಸಿದಾಗ ಮಾತ್ರ ಅವಳು ಇಳಿಯಲಿಲ್ಲ. ‘ನೀವ್ ಓಗ್ಬನ್ನಿ. ಅವ್ಳಿಲ್ದೆ ಅಲ್ಲಿಗೆ ಓಗಾಕೆ ನನ್ ಕಾಲು ಏಳಲ್ಲ’ ಎಂದು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಅವ್ವ ಹೋದ ಮೇಲೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ನಾವು ಎಡೆಯ ಚಿಂತೆಯಲ್ಲಿದ್ದೆವು, ಈ ಮುದುಕಿಯ ಶುಕ್ರವಾರಗಳು ಏನಾದವೆಂದು ಯೋಚಿಸಿಯೇ ಇರಲಿಲ್ಲ.

ಸವಿತ ಬಾಗಿಲು ತೆರೆದು ಕೈ ನೀಡಿದಳು. ‘ನೀನ್ ಬರ್ದಿದ್ರೆ ಅವ್ವ ಎಲ್ಲಿ ಕೂರ್ತಿದ್ಲು ಅಂತ ನಮಗೆ ತೋರ್ಸೋರ್ಯಾರು ಚಿಕ್ಕವ್ವ?’

ಚಿಕ್ಕವ್ವ ಬೆರಳಿಗೆ ಸುತ್ತಿದ್ದ ಸೆರಗು ಬಿಡಿಸಿ ಆ ಕೈ ಹಿಡಿದಳು. ಆಮೇಲೆ ಇಳಿದಳು. ಒಳಗೆ ಹೋದ ಮೇಲೆ ಅವಳ ನಡಿಗೆಯೇ ಬೇರೆ. ನೇರವಾಗಿ ಕಂಬದ ಮರೆಯ ಮೇಜಿಗೆ ಹೋಗಿ, ‘ಇಲ್ಲಿ ಕೂತ್ರೆ ಬಸ್ಸು ನಮಗೆ ಕಾಣ್ತದೆ. ಬಸ್ಸಲ್ಲಿರ ನಮ್ಮೂರೋರ್ಗೆ ನಾವು ಕಾಣಲ್ಲ’ ಎಂದು ಜಾಗದ ಮರ್ಮ ಹೇಳಿದಳು. ತಲೆ ನರೆತ ಸಪ್ಲೈಯರ್ ನೀರಿನ ಲೋಟ ಇಡುತ್ತ ಅವಳನ್ನು ಗುರುತಿಸಿದ.

‘ಏನವ್ವ, ಬಾಳ ದಿನ ಆಯ್ತು. ಅಕ್ಕಾರು ಬರ್ನಿಲ್ವಾ?’

ಚಿಕ್ಕವ್ವ ಅವನ ಮುಖ ನೋಡಿ ಹೇಳಿದಳು, ‘ಇಲ್ಲ ಕಣಪ್ಪ. ಮಕ್ಳ ಕಳ್ಸವ್ಳೆ.’

ಅವನಿಗೆ ಅರ್ಥವಾಯಿತು. ಏನು ಬೇಕೆಂದು ಕೇಳದೆ ಒಳಗೆ ಹೋದ. ಬಂದ ದೋಸೆಗಳು ಕೆಂಪಗೆ, ಗರಿಗರಿಯಾಗಿ, ಹೊಗೆಯಾಡುತ್ತಿದ್ದವು. ಚಿಕ್ಕವ್ವ ಹೇಳಿದ ನಿಯಮದಂತೆ ನಾವು ಮಾತಾಡದೆ ತಿನ್ನತೊಡಗಿದೆವು. ಆ ನಿಯಮವನ್ನು ಮುರಿದವಳು ಜಯಕ್ಕ. ಅವಳು ಮೊದಲ ತುತ್ತು ಬಾಯಿಗಿಟ್ಟು, ದೋಸೆಯ ಮಡಿಕೆ ಬಿಡಿಸಿ, ಒಳಗೆ ಸವರಿದ್ದ ಕೆಂಪು ಚಟ್ನಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡಳು.

‘ಸವಿತಾ,’ ಎಂದಳು ಮೆಲ್ಲಗೆ, ‘ಇದು ನಮ್ಮ ಮುತ್ತಜ್ಜಿ ಚಟ್ನಿ ಕಣೇ.’

ಸವಿತ ತಿಂದಳು. ನಾನು ತಿಂದೆ. ಬ್ಯಾಡಗಿ, ಬೆಳ್ಳುಳ್ಳಿ, ಹುರಿಗಡಲೆ, ಕಂಡೂ ಕಾಣದ ಬೆಲ್ಲ, ಎಲ್ಲವೂ ಅದೇ. ಚಿಕ್ಕವ್ವ ತಟ್ಟೆಯಿಂದ ತಲೆ ಎತ್ತಲಿಲ್ಲ. ‘ನಮ್ಮಜ್ಜಿಗೆ ಹುರಿಗಡಲೆ ಎಲ್ಲಿ ಗೊತ್ತಿತ್ತು? ನಿಮ್ಮವ್ವ ಇಲ್ಲಿ ತಿಂದು ತಿಂದು, ರುಚೀನ ನಾಲ್ಗೆ ಮ್ಯಾಲೆ ಇಟ್ಕಂಡು ಮನೆಗೆ ಒತ್ಕಂಡೋದ್ಲು. ಎಲ್ಲಿ ಕಲ್ತೆ ಅಂತ ನಿಮ್ಮಪ್ಪ ಕೇಳಿದ್ರೆ ಏನನ್ಬೇಕು? ತವರಿಂದು ಅಂದ್ಲು.’

ನಾವು ನಕ್ಕ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಜಯಕ್ಕ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಅವ್ವ ತೀರಿಕೊಂಡ ಮೇಲೆ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಎದ್ದು ಬರುವ ಮೊದಲು ಜಯಕ್ಕನೇ ಸಪ್ಲೈಯರನನ್ನು ಕರೆದು, ‘ಅಮಾಸೆ ದಿನ ಬೆಳಿಗ್ಗೆ ಎಷ್ಟೊತ್ಗೆ ಒಲೆ ಹಚ್ತೀರ?’ ಎಂದು ವಿಚಾರಿಸಿದಳು.

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಎರಡು ಎಲೆ ಹಾಕಿದೆವು. ಅಪ್ಪನ ಎಲೆಯಲ್ಲಿ ಕೋಳಿ ಸಾರು ಮತ್ತು ಬೀಡಿ. ಅವ್ವನ ಎಲೆಯಲ್ಲಿ ನಾನು ಚನ್ನರಾಯಪಟ್ಟಣಕ್ಕೆ ಹೋಗಿ ತಂದ ದೋಸೆ, ಲೋಟದಲ್ಲಿ ಕಾಫಿ. ದೋಸೆ ದಾರಿಯಲ್ಲಿ ಆರಿತ್ತು. ಜಯಕ್ಕ ಅದನ್ನು ಹೆಂಚಿನ ಮೇಲೆ ಹಾಕಿ ತುಪ್ಪ ಬಿಟ್ಟು, ಹೊಗೆಯಾಡುವಂತೆ ಮಾಡಿಯೇ ಎಲೆಗೆ ಇಟ್ಟಳು. ಇಬ್ಬರ ಫೋಟೋಗಳೂ ಅಕ್ಕಪಕ್ಕದಲ್ಲಿದ್ದವು. ಅಪ್ಪ ಹೆಂಡತಿಯ ಎಲೆಯತ್ತ ಓರೆನೋಟ ಬೀರುತ್ತಿರುವಂತೆ ನನಗೆ ತೋರಿತು. ಅವರ ನಡುವೆ ಆ ದಿನ ನಡೆಯಬಹುದಾದ ಮಾತುಕತೆಯಲ್ಲಿ ತಲೆ ಹಾಕುವುದು ಬೇಡವೆಂದು ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ.

ಮಧ್ಯಾಹ್ನ ಎಲ್ಲರೂ ಉಂಡು, ಅಕ್ಕತಂಗಿಯರೂ ಚಿಕ್ಕವ್ವನೂ ಹಾಲಿನಲ್ಲಿ ಸಾಲಾಗಿ ಅಡ್ಡಾದರು. ವನಜ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಸಾರಿನ ಮೇಲೆ ಲೆಕ್ಕವಿಲ್ಲದಷ್ಟು ಅಭಿಪ್ರಾಯ ಕೊಟ್ಟಿದ್ದೇನೆ, ಈ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ.

‘ವನಜ, ನಿಂಗೇನಿಷ್ಟ? ತಿನ್ನೋದರಲ್ಲಿ.’

ಅವಳು ಎಲೆಗೆ ಸುಣ್ಣ ಸವರುತ್ತ ನನ್ನನ್ನು ಒಂದು ಬಾರಿ ಮೇಲಿಂದ ಕೆಳಗೆ ನೋಡಿದಳು.

‘ಹೇಳಲ್ಲ’ ಎಂದಳು. ‘ಹೇಳಿದ್ರೆ ನೀವೂ ಜೊತೆಗೆ ಬಂದ್ಬುಡ್ತೀರ.’