ಹೊಟ್ಟೆ ತುಂಬಿದ ಕೌದಿ

“ಅಮ್ಮಾ, ಹನಮವ್ವ ಆಯಿ ಕೌದಿಗ್ಯಾಕ ಹೋಳಗಿ ತಿನ್ನಸ್ತಾಳ?”

ನಿನ್ನೆ ಬೆಟಗೇರಿಯಲ್ಲಿ, ಹನಮವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ನನ್ನ ಮಗಳು ಅಂಕಿತಾ ಕೇಳಿದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಕೌದಿಯ ಕೊನೆಯ ಸಂದಿಯೊಳಗೆ ಹನಮವ್ವ ಹೋಳಿಗೆಯ ಚೂರೊಂದನ್ನು ತೂರಿಸುತ್ತಿದ್ದಳು.

“ಹಸದ ಕೌದಿ ಹೊಚ್ಚಗೊಂಡ್ರ ನಿದ್ದಿ ಬರೂದಿಲ್ಲ, ಬಂಗಾರಿ.”

“ಇರುವಿ ಬರ್ತಾವಲ್ಲ?”

“ಬರ್ಲಿ ಬಿಡ. ಅವೇನ ಉಪಾಸ ಇರಬೇಕೇನ?”

ಅವಳು ನಕ್ಕ ರೀತಿ ಒಂದಿಷ್ಟೂ ಬದಲಾಗಿಲ್ಲ. ಮುಂಡರಗಿಗೆ ವರ್ಗವಾಗುವ ಮೊದಲು ನಾವು ಆ ಮನೆಯ ಮುಂದಿನ ಖೋಲಿಯಲ್ಲೇ ಬಾಡಿಗೆಗಿದ್ದೆವು. ಮಧ್ಯಾಹ್ನವಾದರೆ ಓಣಿಯ ಮಗ್ಗಗಳ ಲಟಪಟ ಸದ್ದಿನ ನಡುವೆ ಅವಳ ದನಿ ಕೇಳುತ್ತಿತ್ತು: “ಏ ಮಾಸ್ತರ ಹೆಂಡ್ತಿ, ಸೂಜ್ಯಾಗ ದಾರಾ ಪೋಣ್ಸ ಬಾ! ಕಣ್ಣು ನಿನ್ನವು, ಕೈ ನನ್ನವು.” ಅವಳ ಮಗ ಕಳಕೇಶ ತೊಡೆಯ ಮೇಲಿದ್ದಾಗಲೇ ಗಂಡ ತೀರಿಕೊಂಡಿದ್ದ. ಮಗನನ್ನು ಬೆಳೆಸಿದ್ದು ಆ ಸೂಜಿಯೇ. ಯಾವ ತುಂಡು ಯಾರ ಮದುವೆಯ ಸೀರೆಯದು ಎಂದು ಅವಳು ಹೇಳುತ್ತ ಹೋದರೆ ನನಗೆ ಒಲೆಯ ಮೇಲಿನ ಅನ್ನದ ನೆನಪೂ ಇರುತ್ತಿರಲಿಲ್ಲ.

ಕೂಸು ಹುಟ್ಟುವ ಮೊದಲು ಅದಕ್ಕೆ ಕೌದಿ ಹೊಲಿಯಬಾರದು ಎಂಬುದು ಅವಳದೇ ಕಟ್ಟುನಿಟ್ಟು. ಆದರೆ ನನಗೆ ಮೊದಲ ಸಲ ತಿಂಗಳು ನಿಂತ ಸುದ್ದಿ ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಅಂದೇ ಸಂಜೆ ನನ್ನ ಹಳದಿ ಸೀರೆ ಇಸಿದುಕೊಂಡು ಕತ್ತರಿ ಹಾಕಿದಳು. ಎರಡನೆಯ ತಿಂಗಳಲ್ಲೇ ಬಸಿರು ಇಳಿದುಹೋಯಿತು.

ಆಮೇಲೆ ಹನಮವ್ವ ಕಟ್ಟೆಗೆ ಬರುವುದನ್ನೇ ಬಿಟ್ಟಳು. ಕರೆಯಲೂ ಇಲ್ಲ. ಬಸಿರು ನಿಲ್ಲದವಳ ಮುಖ ನೋಡಬಾರದೆಂದಿರಬೇಕು ಎಂದುಕೊಂಡು ಒಳಗೊಳಗೇ ಸವೆದೆ. ಮುಂದೆಂದಾದರೂ ನಿಲ್ಲುತ್ತದೋ ಇಲ್ಲವೋ ಎಂಬ ಚಿಂತೆ ಮೊದಲೇ ಇತ್ತು, ಅದರ ಮೇಲೆ ಇದು.

ಕೊನೆಗೆ ಗದಗಿನ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದ ದಿನ, ತಡೆಯಲಾರದೆ ಅವಳ ಮನೆಯೊಳಗೇ ಹೋದೆ. ಹಳದಿ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

“ನನ್ನ ಸೂಜಿನ ನಿನ್ನ ಕೂಸಿಗೆ ಚುಚ್ಚಿತವ್ವ,” ಎಂದಳು. ತಲೆ ಎತ್ತಲಿಲ್ಲ.

ನಾನು ಅವಳ ಕೈ ಹಿಡಿದುಕೊಂಡೆ. “ಇಲ್ಲ ಆಯಿ. ಡಾಕ್ಟರಮ್ಮಗ ಕೇಳೇನಿ. ಇಷ್ಟು ಜಲ್ದಿ ಹೋಗೂವು ಹೆಚ್ಚಿನವು ಮೊದಲಿಂದನ ಸರಿಯಾಗಿ ಕೂಡಿರೂದಿಲ್ಲಂತ. ಕೆಲಸಾ ಮಾಡಿದ್ದಕ್ಕಲ್ಲ, ಹೊಲದಿದ್ದಕ್ಕಲ್ಲ.”

“ಖರೇನ?”

“ಖರೆ.”

“ಹಂಗಾರ ಮುಂದ?”

“ಒಮ್ಮೆ ಹೋದ್ರೂ ಭಾಳ ಮಂದಿಗೆ ಮುಂದ ಛಲೋನ ನಿಲ್ತೈತಂತ.”

ಹೇಳಿದ್ದೇನೋ ನಾನೇ. ಆದರೂ ಅಂಕಿತಾ ಹೊಟ್ಟೆಯಲ್ಲಿದ್ದಾಗ ಬಚ್ಚಲಿಗೆ ಹೋಗಲೂ ಅಂಜುತ್ತಿದ್ದೆ, ಎಲ್ಲಿ ಮತ್ತೆ ರಕ್ತದ ಕಲೆ ಕಾಣುತ್ತದೋ ಎಂದು. ಹನಮವ್ವ ಆ ಕೌದಿಯನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಮಗು ಹುಟ್ಟಿ ಮನೆಗೆ ಬಂದ ಮೇಲೆಯೇ ಅದನ್ನು ಇಳಿಸಿ ಹೊಲಿದು ಮುಗಿಸಿ, ಹೋಳಿಗೆ ಚೂರಿಟ್ಟು ಹೊಚ್ಚಿದಳು.

ನಿನ್ನೆ ನಾವು ಹೊರಡುವಾಗ ಅವಳು ಓಣಿಯ ತಿರುವಿನವರೆಗೂ ಬಂದಳು. ಅಂಕಿತಾ ಅಂಗಡಿಯ ಮುಂದಿನ ಬೆಕ್ಕಿನ ಹಿಂದೆ ಬಿದ್ದಿದ್ದಳು. ಹನಮವ್ವ ನನ್ನ ಸೆರಗು ಹಿಡಿದು ದನಿ ತಗ್ಗಿಸಿದಳು.

“ಕಳಕೇಶನ ಹೆಂಡ್ತಿ ಸುನಿತಾಗ ಹೋದ ತಿಂಗಳ ಇಳದ ಹೋತವ್ವ. ಗಾಡಿ ಮ್ಯಾಲ ಲಕ್ಷ್ಮೇಶ್ವರಕ್ಕ ಹೋಗಿದ್ದಕ್ಕ ಹಿಂಗಾತು, ಇನ್ನ ನನಗ ಆಗೂದ ಇಲ್ಲ ಅಂತ ಬಾಗಲಾ ಹಾಕ್ಕೊಂಡ ಕುಂತಾಳ. ನಾ ಹೇಳಿದ್ರ ಅತ್ತಿ ಸುಮ್ನ ಸಮಾಧಾನ ಮಾಡ್ತಾಳ ಅಂತಾಳ. ನೀ ಒಂದ ದಿನಾ ಬಾ. ಡಾಕ್ಟರಮ್ಮ ಏನ ಅಂದಿದ್ಲಲ್ಲ, ಅದನ್ನ ನಿನ್ನ ಬಾಯಿಂದ ಹೇಳ. ಕೂಸಿನ್ನ ಮನ್ಯಾಗ ಬಿಟ್ಟ ಬಾ, ನೋಡಿದ್ರ ಸುನಿತಾಗ ಈಗ ತಡಿಯೂದಿಲ್ಲ. ಆ ಹಳದಿ ಕೌದಿ ಅಷ್ಟ ತಗೊಂಡ ಬಾ.”